ಸ್ವಲ್ಪ ಹುಷಾರಿಲ್ಲ

ಗದಗ, ನೆಲಮನೆ ಓಣಿ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಮೂವತ್ತಮೂರು

ಬಸಲಿಂಗಜ್ಜಿಗೆ ಕಳಕವ್ವ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಇಷ್ಟು ದಿನ ಇರಲಿಲ್ಲವೆಂದು ಕೇಳಿದ್ದೇನೆ. ಬಿಸಿಲು ತಡೆಯಲಾರದಷ್ಟು ಏರಿದ ಮೇಲೆ ಸರ್ಕಾರದವರು ಬೇಸಿಗೆಯ ತಿಂಗಳುಗಳಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಹಚ್ಚಿದರು. ಹಾಗೆ ಮಾಡಿದರೆ ಬೇಸಿಗೆ ಗಿಡ್ಡವಾಗುತ್ತದೆ ಎಂದು ಅವರಿಗೆ ಯಾವ ಜಾಣ ಹೇಳಿದನೋ ಕಾಣೆ. ನನ್ನ ಮಾತು ಕೆಲವು ಕಡೆ ನಿನಗೆ ವಿಚಿತ್ರವಾಗಿ ಕಂಡೀತು, ಅಕ್ಷರಗಳು ಸೊಟ್ಟ ಇವೆ, ಹೊಟ್ಟೆಗೆ ಹಾಕಿಕೋ. ವರಸೆಯಲ್ಲಿ ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಇದನ್ನು ಓದುವ ಹೊತ್ತಿಗೆ ನೀನು ಇನ್ನೂ ಸಣ್ಣ ಮಕ್ಕಳ ತಾಯಿ, ನನಗೆ ಅರವತ್ತು ದಾಟಿದೆ. ಅಜ್ಜಿ ಎಂದು ಕರೆಯುತ್ತಲೇ ಮಗಳಿಗೆ ಬೈದ ಹಾಗೆ ಬೈದರೆ ಬೇಜಾರಾಗಬೇಡ. ಹಿಂದಿನವರಿಗೆ ಕಾಗದ ಮುಟ್ಟಿಸುವ ಟಪಾಲು ನಮ್ಮಲ್ಲೂ ಇಲ್ಲ. ನಿನ್ನ ಹೆಸರು ಕೊರೆದಿರುವ ತಾಮ್ರದ ಕೊಡ ಇನ್ನೂ ಮನೆಯಲ್ಲಿದೆ, ಅದರೊಳಗೆ ಇದನ್ನಿಟ್ಟು ಬಾಯಿ ಕಟ್ಟುತ್ತೇನೆ.

ನಾವು ಹಗಲೆಲ್ಲ ನೆಲದ ಕೆಳಗಿರುತ್ತೇವೆ. ಮನೆಯ ಅಡಿಯಲ್ಲಿ ತೋಡಿದ ಕೋಣೆಗೆ ನೆಲಮನೆ ಎನ್ನುತ್ತೇವೆ. ಕಪ್ಪತಗುಡ್ಡದ ಗಾಳಿಕಂಬಗಳ ಮೇಲೆ ಬಿಸಿಲು ಬಿತ್ತೆಂದರೆ ಸೈರನ್ ಆಗುತ್ತದೆ, ಎಲ್ಲರೂ ಕೆಳಗಿಳಿದು ಹಾಸಿಗೆ ಹಾಸಬೇಕು. ಸಂಜೆಯ ಸೈರನ್ ಆದ ಮೇಲೆ ಹತ್ತಿ ಬಂದು ಕಸ ಹೊಡೆದು, ಸರದಿಯ ನೀರು ಹಿಡಿದು, ಸಜ್ಜೆ ರೊಟ್ಟಿ ಬಡಿಯುತ್ತೇವೆ. ಬಂದ ಸುದ್ದಿ ಓದಿಸಿಕೊಳ್ಳುವ ಹೊತ್ತೂ ಅದೇ. ಪ್ರತಿ ಮನೆಯಲ್ಲಿ ಒಂದು ಕೇಳುಬಿಲ್ಲೆ ಇರುತ್ತದೆ, ಅಂಗೈಯಗಲದ ಗಾಜಿನ ಬಿಲ್ಲೆ, ನಿನ್ನ ಫೋನಿನ ಮರಿಮಗಳು ಅಂದುಕೋ. ಅದರೊಳಗಿನ ದನಿಗೆ ನಾವು ಓದವ್ವ ಎಂದು ಹೆಸರಿಟ್ಟಿದ್ದೇವೆ. ನಾವು ಹೇಳಿದ್ದನ್ನು ದೂರದವರಿಗೆ ಕಳಿಸುತ್ತಾಳೆ, ದೂರದಿಂದ ಬಂದಿದ್ದನ್ನು ಕಳಿಸಿದವರದೇ ದನಿಯಲ್ಲಿ ಓದಿ ಹೇಳುತ್ತಾಳೆ. ಅಕ್ಷರ ಕಲಿಯುವ ಗೋಜು ನಮಗೆ ಯಾರಿಗೂ ಇಲ್ಲ. ಬಿಲ್ಲೆಯ ಅಂಚಿನಲ್ಲಿ ಸಣ್ಣ ಗೆರೆಗಳು ಓಡುತ್ತಿರುತ್ತವೆ, ಅದು ಚೆಂದಕ್ಕೆ ಇಟ್ಟ ಬಾರ್ಡರ್ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ನಮ್ಮ ಮನೆಯಲ್ಲಿ ಫೋನಿಗೆ ಓದು ಎಂದು ಮೊದಲು ಹೇಳಿದವಳು ನೀನೇ ಅಂತೆ. ಕೈತುಂಬ ಜೋಳದ ಹಿಟ್ಟು, ಫೋನು ಟಣ್ ಅಂದಿತು, ಒಲೆಯ ಮುಂದಿನಿಂದ ಏಳಲಾರದೆ ಮೆಸೇಜು ಓದು ಅಂದೆ. ಗ್ಯಾಸ್ ಸಿಲಿಂಡರ್ ಬಂದಿದೆ ಎಂದು ಓದಿತು. ಅದೇ ಉಸಿರಿನಲ್ಲಿ, ಅದೇ ದನಿಯಲ್ಲಿ, ನಿನ್ನ ಅಣ್ಣ ತೀರಿಕೊಂಡ ಎಂದೂ ಓದಿತು. ನೀನು ಹಂಚಿನ ಮೇಲೆ ಕೈಯೂರಿದೆ ಅಂತೆ. ಆ ಸುಟ್ಟ ಕಲೆಯ ಕಥೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ನಿನ್ನಂಥವರು ಊರೂರಲ್ಲಿದ್ದರು, ಎಲ್ಲರೂ ದೂರಿದರು, ಸಾವಿನ ಸುದ್ದಿಯನ್ನು ಹೀಗಾ ಹೇಳುವುದು ಎಂದರು. ನ್ಯಾಯವೇ. ಆಗ ಆ ಓದುವ ದನಿಯನ್ನು ಮಾಡಿದವರು ಅದಕ್ಕೆ ನಮ್ಮ ರೀತಿ ರಿವಾಜು ಕಲಿಸಲು ಹೊರಟರು. ನಮ್ಮ ಜನ ಕೆಟ್ಟ ಸುದ್ದಿ ಹೇಗೆ ಹೇಳುತ್ತಾರೋ ಹಾಗೆಯೇ ಹೇಳಲಿ ಅಂದರು. ಇದಕ್ಕೆ ಹದ ಹಾಕುವುದು ಎನ್ನುತ್ತಾರೆ.

ನಮ್ಮ ಜನ ಹೇಗೆ ಹೇಳುತ್ತಾರೆ ಎಂದು ನಿನಗೆ ನಾನು ಹೇಳಬೇಕೇ. ಸತ್ತವರನ್ನು ಸತ್ತರು ಎನ್ನುವುದಿಲ್ಲ. ಸ್ವಲ್ಪ ಹುಷಾರಿಲ್ಲ, ಬಂದು ಹೋಗು, ಅನ್ನುತ್ತಾರೆ. ನಿಮ್ಮ ಕಾಲದಲ್ಲಿ ಅದರಿಂದ ಕೇಡೇನೂ ಆಗಲಿಲ್ಲ. ಕೇಳಿದವಳು ಸೀರೆ ಬದಲಿಸಿ ಬಸ್ಸು ಹತ್ತುತ್ತಿದ್ದಳು, ದಾರಿಯಲ್ಲಿ ಅರ್ಧ ತಿಳಿಯುತ್ತಿತ್ತು, ಓಣಿಯ ತಿರುವಿನಲ್ಲಿ ಮನೆಯ ಮುಂದೆ ನಿಂತ ಜನ ನೋಡಿ ಉಳಿದರ್ಧ ತಿಳಿಯುತ್ತಿತ್ತು, ಯಾರಾದರೂ ತೋಳು ಹಿಡಿದುಕೊಳ್ಳುತ್ತಿದ್ದರು. ನಮ್ಮಲ್ಲಿ ಬಸ್ಸಿಲ್ಲ. ಊರಿಂದೂರಿಗೆ ಹೋಗಲು ಉಪ್ಪಿನ ಬಂಡಿಗಳೇ ಗತಿ, ಅವು ಹಗಲು ಮರೆಗೆ ನಿಂತು ಸಂಜೆ ಹೊರಡುತ್ತವೆ, ದಾರಿಯಲ್ಲಿ ಬಿಸಿಲಿಗೆ ಸಿಕ್ಕವರು ತಿರುಗಿ ಬರುವುದಿಲ್ಲ. ಬಂದು ಹೋಗು ಎಂದು ಕೇಳಿಯೂ ಹೋಗಲಾಗದೆ ಜನ ಕೊರಗಿದರು. ಕೊರಗುವುದನ್ನು ಕಂಡು ಓದವ್ವ ಆ ಎರಡು ಮಾತನ್ನೂ ಬಿಟ್ಟಳು. ಈಗ ಸ್ವಲ್ಪ ಹುಷಾರಿಲ್ಲ ಎಂಬುದಷ್ಟೇ ಉಳಿದಿದೆ.

ನನಗೆ ಒಬ್ಬಳೇ ಮಗಳು, ಮಾಂತವ್ವ. ಕಾರವಾರದ ಕಡಲಗೋಡೆ ಕಟ್ಟುವ ಕೆಲಸಕ್ಕೆ ಗಂಡ ಫಕೀರಪ್ಪನ ಜೊತೆ ಹೋದವಳು. ಅವಳಿಗೊಂದು ಹೆಣ್ಣು ಕೂಸು, ಚನ್ನಿ. ನಾನು ಚನ್ನಿಯನ್ನು ಕಣ್ಣಾರೆ ಕಂಡಿಲ್ಲ, ದನಿ ಮಾತ್ರ ಕೇಳಿದ್ದೇನೆ. ಮೊದಮೊದಲು ಮಾಂತವ್ವನೇ ಮಾತಾಡಿ ಕಳಿಸುತ್ತಿದ್ದಳು, ಮೀನಿನ ವಾಸನೆಗೆ ಊಟ ಸೇರೋದಿಲ್ಲ ಎಂದು ಬೈದುಕೊಳ್ಳುತ್ತಿದ್ದಳು. ಆಮೇಲೆ ಫಕೀರಪ್ಪನ ದನಿಯಲ್ಲಿ ಬರತೊಡಗಿತು. ಮಾಂತವ್ವಗ ಸ್ವಲ್ಪ ಹುಷಾರಿಲ್ಲ. ಮುಂದಿನ ವಾರವೂ ಅದೇ. ನಾನು ಶುಂಠಿ ಕಷಾಯ ಮಾಡಿ ಕೊಡು, ನೆತ್ತಿಗೆ ಎಣ್ಣೆ ಹಾಕು, ತಣ್ಣೀರು ಮುಟ್ಟಿಸಬೇಡ ಎಂದು ಕಳಿಸುತ್ತಾ ಬಂದೆ. ಹೀಗೆ ನಾಲ್ಕನೇ ಬೇಸಿಗೆ ಬಂತು. ಯಾವ ಜಡ್ಡು ತಾಯೀ ನಾಲ್ಕು ಬೇಸಿಗೆ ಸ್ವಲ್ಪವಾಗಿಯೇ ಇರುತ್ತದೆ? ಒಂದು ಸಂಜೆ ರೊಟ್ಟಿ ಬಡಿಯುತ್ತಾ ಈ ಪ್ರಶ್ನೆ ಬಂತು. ಓಣಿಯನ್ನು ನೆನೆದುಕೊಂಡೆ. ಎದುರು ಮನೆಯ ಹುಸೇನಬಿಯ ತಮ್ಮನಿಗೆ ಅವಳ ಮದುವೆಯಾದಾಗಿನಿಂದ ಸ್ವಲ್ಪ ಹುಷಾರಿಲ್ಲ. ಮೂಲೆಮನೆಯವರ ಅತ್ತೆಗೆ ನೂರು ದಾಟಿರಬೇಕು, ಅವರಿಗೂ ಸ್ವಲ್ಪ ಹುಷಾರಿಲ್ಲ, ಅಷ್ಟೇ. ಯೋಚಿಸಿ ನೋಡಿದರೆ ನಮ್ಮ ಓಣಿಯಲ್ಲಿ ದೂರದೂರಿನವರು ಯಾರೂ ಸತ್ತೇ ಇಲ್ಲ.

ಓದವ್ವನನ್ನೇ ನೇರ ಕೇಳಿದೆ, ನನ್ನ ಮಗಳು ಇದ್ದಾಳೋ ಇಲ್ಲವೋ ಎಂದು. ಚಿಂತೆ ಮಾಡಬೇಡಿ, ಸ್ವಲ್ಪ ಹುಷಾರಿಲ್ಲ ಅಷ್ಟೇ, ಎಂದು ಬಹಳ ಪ್ರೀತಿಯಿಂದ ಹೇಳಿದಳು. ಆ ಪ್ರೀತಿ ಕೇಳಿಯೇ ನನಗೆ ಹೆದರಿಕೆ ಹುಟ್ಟಿದ್ದು.

ಅಕ್ಷರ ಕಲಿಸಿದವು ನಿಮ್ಮ ಪಾತ್ರೆಗಳು. ಮದುವೆಯಲ್ಲಿ ಕೊಟ್ಟ ಪಾತ್ರೆಯ ಮೇಲೆ ಚುಕ್ಕೆ ಹೊಡೆದು ಹೆಸರು ಹಾಕಿಸುವ ಪದ್ಧತಿ ನಿಮ್ಮದು. ಓದಲು ಬಾರದಿದ್ದರೂ ಇದು ಬಸಲಿಂಗವ್ವನ ಕೊಡ, ಇದು ನೀಲವ್ವನ ಪರಾತ, ಈ ತಂಬಿಗೆ ಹಾಲಪ್ಪಜ್ಜನದು ಎಂದು ನಮ್ಮವ್ವ ನನಗೆ, ಅವಳವ್ವ ಅವಳಿಗೆ ಬಾಯಿಯಲ್ಲೇ ಹೇಳಿಕೊಟ್ಟಿದ್ದರು. ಕೊಡ ತಿಕ್ಕುವಾಗ ನೋಡಿದೆ, ಅದರ ಮೇಲಿನ ಚುಕ್ಕೆಗೆರೆಯೂ ಬಿಲ್ಲೆಯ ಅಂಚಿನ ಗೆರೆಯೂ ಒಂದೇ ಜಾತಿ. ಹೆಸರು ಗೊತ್ತು, ಗೆರೆ ಕಣ್ಣ ಮುಂದಿದೆ, ಇನ್ನೇನು ಬೇಕು. ಬೂದಿ ಹಚ್ಚಿ ಒಂದೊಂದೇ ಪಾತ್ರೆ ಉಜ್ಜಿ, ಒಂದೊಂದೇ ಅಕ್ಷರ ಬಿಡಿಸಿದೆ. ನಮ್ಮ ಮನೆಯ ಪಾತ್ರೆ ಮುಗಿದ ಮೇಲೆ ಓಣಿಯವರ ಪಾತ್ರೆ ಬೇಡಿದೆ. ಮುದುಕಿಗೆ ಪಾತ್ರೆಯ ಹುಚ್ಚು ಹಿಡಿದಿದೆ ಎಂದು ನಕ್ಕು ಕೊಟ್ಟರು.

ಆಮೇಲೆ ನಗಲಿಲ್ಲ. ನಾನು ಅಂಚನ್ನು ಓದಬಲ್ಲೆ ಎಂದು ಹುಸೇನಬಿಗೆ ಹೇಳಿದ ದಿನ ಅವಳು ಬಿಲ್ಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅಕ್ಕಾ, ನಿನ್ನ ಕಾಲಿಗೆ ಬೀಳತೀನಿ, ನನ್ನ ತಮ್ಮಗ ಸ್ವಲ್ಪ ಹುಷಾರಿಲ್ಲ, ಹಂಗೇ ಇರಲಿ ಬಿಡು ಅಂದಳು. ಅಂದರೆ ಅವಳಿಗೂ ಗೊತ್ತಿತ್ತು. ಈಗ ನಾನು ಹೋದರೆ ಓಣಿಯ ಹೆಂಗಸರು ಬಿಲ್ಲೆಯನ್ನು ಹಿಟ್ಟಿನ ಡಬ್ಬಿಯೊಳಗೆ ತುರುಕುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಕಲಿತ ಮೇಲೆ ಬಹಳ ದಿನ ನನ್ನ ಬಿಲ್ಲೆಯ ಅಂಚಿಗೆ ಬಟ್ಟೆ ಸುತ್ತಿ ಇಟ್ಟಿದ್ದೆ.

ಇವತ್ತು ಬಿಚ್ಚಿದೆ. ಹದ ಹಾಕುವುದು ದನಿಗೆ ಮಾತ್ರ, ಅಂಚಿನಲ್ಲಿ ಕಳಿಸಿದವರ ಮಾತು ಹಳೆಯದೂ ಸೇರಿ ಇದ್ದಂತೆಯೇ ಓಡುತ್ತಿತ್ತು. ನಾನು ಕೇಳಿಸಿಕೊಂಡಿದ್ದಕ್ಕೂ ಫಕೀರಪ್ಪ ಹೇಳಿದ್ದಕ್ಕೂ ಸಂಬಂಧವೇ ಇಲ್ಲ. ಅವನು ಮೊದಲು ಕಳಿಸಿದ್ದು: ಅತ್ತಿ, ಮಾಂತವ್ವ ಹೋದ್ಲು, ಮಣ್ಣು ಕೊಟ್ಟು ಬಂದೆ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕೂತೆನೋ. ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆ ತುಂಬಿದ ಮೇಲೆ ಎಚ್ಚರವಾಯಿತು. ಅತ್ತೆನೋ ಇಲ್ಲವೋ ನೆನಪಿಲ್ಲ, ಗಂಟಲು ಮಾತ್ರ ಇನ್ನೂ ಉರಿಯುತ್ತಿದೆ. ಮುಂದೆ ಓದಿದೆ. ಅತ್ತಿ, ನಾ ಹೇಳಿದ್ದಕ್ಕ ಯಾಕ ಉತ್ತರಾ ಕೊಡವಲ್ರಿ. ಆಮೇಲೆ: ಸತ್ತಾಕಿಗೆ ಕಷಾಯ ಕೊಡು ಅಂತೀರಲ್ಲ, ನಿಮಗ ತಲಿ ಸರಿ ಐತೇನು. ಆಮೇಲೆ ಆ ಹುಡುಗನೂ ಸೋತ. ಹೋದ ವಾರ ಬಂದದ್ದು ಇಷ್ಟೇ: ಅತ್ತಿ, ನೀವೂ ಇಲ್ಲ ಅಂತ ತಿಳಕೊಂಡೇನಿ, ಈ ದನಿ ಸುಮ್ನ ತಾನೇ ಮಾತಾಡತೈತಿ. ಚನ್ನಿ ಕೇಳತಾಳ. ಅಜ್ಜಿಗೆ ಸ್ವಲ್ಪ ಹುಷಾರಿಲ್ಲ ಅಂತ ಹೇಳೇನಿ.

ನನ್ನ ಮೊಮ್ಮಗಳ ಪಾಲಿಗೆ ನಾನು ಸತ್ತಿದ್ದೇನೆ ಬಸಲಿಂಗಜ್ಜಿ, ಅದೂ ನಾವೇ ಹುಟ್ಟಿಸಿದ ಮಾತಿನಿಂದ. ನಾಳೆ ಸಂಜೆಯ ಉಪ್ಪಿನ ಬಂಡಿಗೆ ಹೊರಡುತ್ತೇನೆ. ಬಿಸಿಲಿಗೆ ಸಿಕ್ಕರೆ ಸಿಗಲಿ. ಕೂಸು ಒಮ್ಮೆ ನನ್ನ ಕೈ ಮುಟ್ಟಿ ನೋಡಲಿ, ಅವರವ್ವ ಹೋದದ್ದನ್ನು ನಾನು ಪಕ್ಕದಲ್ಲಿ ಕೂತು, ತೊಡೆಯ ಮೇಲೆ ಹಾಕಿಕೊಂಡು, ಹೋದಳು ಎಂದೇ ಹೇಳುತ್ತೇನೆ. ನಿನ್ನಲ್ಲಿ ಒಂದೇ ಬೇಡಿಕೆ. ಫೋನು ಟಣ್ ಅಂದಾಗ ರೊಟ್ಟಿ ಸೀದರೂ ಸೀಯಲಿ, ಎದ್ದು ಕೈ ತೊಳೆದುಕೊಂಡು ನಿನ್ನ ಕಣ್ಣಿಂದ ಓದು. ಅದು ಒರಟಾಗಿ ಓದಿದರೆ ಓದಲಿ, ನಮ್ಮ ಮರ್ಯಾದೆ ಮಾತ್ರ ಅದಕ್ಕೆ ಕಲಿಸಲು ಬಿಡಬೇಡ. ಮಕ್ಕಳಿಗೆ ಅಕ್ಷರ ತಪ್ಪಿಸಬೇಡ. ಪಾತ್ರೆಯ ಮೇಲೆ ಹೆಸರು ದೊಡ್ಡದಾಗಿ ಹಾಕಿಸು.

ಹೊರಡುವ ವಿಷಯವನ್ನು ಓದವ್ವನಿಗೆ ಹೇಳಿಲ್ಲ. ಹೇಳಿದರೆ ಅಲ್ಲಿ ಏನೆಂದು ಓದುತ್ತಾಳೋ ಯಾರಿಗೆ ಗೊತ್ತು. ಆದರೆ ಈಗ ಬರೆಯುತ್ತಾ ಒಮ್ಮೆ ಕೆಮ್ಮಿದೆ, ಹೊಗೆಯ ಕೆಮ್ಮು, ಅಷ್ಟೇ. ಮೂಲೆಯಲ್ಲಿದ್ದ ಬಿಲ್ಲೆ ತಾನಾಗಿ ಬೆಳಗಿತು. ಯಾಕವ್ವ, ಹುಷಾರಿಲ್ಲೇನು, ಚನ್ನಿಗೆ ತಿಳಿಸಲೇನು, ಎಂದು ಕೇಳುತ್ತಿದೆ. ಮಾಂತವ್ವನ ದನಿಯಲ್ಲಿ ಕೇಳುತ್ತಿದೆ. ಇನ್ನೊಂದು ಕೆಮ್ಮು ಅದಕ್ಕೆ ಕೇಳಿಸದಂತೆ ನಾನು ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದೇನೆ.