ಹೊಟ್ಟೆಯ ಕಡೆಗಿನ ಕವಲು

ಕೈನಕರಿ
೧೪ ನವೆಂಬರ್ ೨೦೧೯

ಪ್ರೀತಿಯ ತಮ್ಮ ಪೈಲಿಗೆ,

ವಯನಾಡಿನ ಚಳಿಯಲ್ಲಿ ನೀನು, ಸೂಸಿ, ಮಕ್ಕಳು ಎಲ್ಲರೂ ಬೆಚ್ಚಗಿದ್ದೀರಿ ಅಂದುಕೊಂಡಿದ್ದೇನೆ. ನಾಲ್ಕು ತಿಂಗಳು ಬರೆಯದೆ ಇದ್ದುದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಪ್ರತಿ ಸಲ “ಚೆನ್ನಾಗಿದ್ದೀನಿ ಕಣೋ” ಅಂದು ಇಟ್ಟುಬಿಡುತ್ತಿದ್ದೆ. ಅದು ಪೂರ್ತಿ ನಿಜವಾಗಿರಲಿಲ್ಲ.

ಜುಲೈನಲ್ಲಿ ನನ್ನ ಲಿವರ್‌ನಲ್ಲಿ ಗಡ್ಡೆ ಕಂಡಿತು. ಕೊಯ್ದು ತೆಗೆಯುವ ಜಾಗದಲ್ಲಿ ಇರಲಿಲ್ಲ. ಕೊಚ್ಚಿಯ ಡಾಕ್ಟರ್ ನಸೀಮಾ ನನ್ನನ್ನೂ ನಿನ್ನ ಅತ್ತಿಗೆ ಏಲಿಕುಟ್ಟಿಯನ್ನೂ ಕೂರಿಸಿಕೊಂಡು ಒಂದು ಕಾಗದದಲ್ಲಿ ಗೀಚಿ ತೋರಿಸಿದರು. “ಔಸೇಪ್ ಚೇಟ್ಟಾ, ವಿಕಿರಣ ತುಂಬಿದ ಸಣ್ಣ ಸಣ್ಣ ಮಣಿಗಳನ್ನ ರಕ್ತದ ಜೊತೆ ಗಡ್ಡೆಗೆ ಬಿಡ್ತೀವಿ. ಆದ್ರೆ ಲಿವರ್ ಹತ್ರ ಒಂದು ಕವಲು ಹೊಟ್ಟೆ ಕಡೆ ಹೋಗುತ್ತೆ. ಮಣಿ ಅಲ್ಲಿಗೆ ಜಾರಿದ್ರೆ ವಾಸಿಯಾಗದ ಹುಣ್ಣು. ಅದಕ್ಕೇ ಮೊದಲು ಆ ಕವಲನ್ನ ಮುಚ್ಚಬೇಕು.”

“ಹಾಗಾದ್ರೆ ಹೊಟ್ಟೆ ಗತಿ?” ಅಂದೆ.

“ಅದಕ್ಕೆ ರಕ್ತ ಬರೋಕೆ ಬೇರೆ ದಾರಿಗಳಿವೆ.”

“ಎಲ್ಲಾ ದಾರೀನೂ ಮುಚ್ಚಿಬಿಡಿ ಡಾಕ್ಟ್ರೇ, ಮೀನು ಹುರಿದು ಹುರಿದು ನನ್ನ ಕೈ ಸೋತಿದೆ” ಅಂದಳು ಏಲಿಕುಟ್ಟಿ. ನಗಿಸಿ, ಹೊರಗೆ ಹೋಗಿ ಅತ್ತುಬಂದಳು.

ಕವಲು ಮುಚ್ಚುವ ದಿನ ಪೂರ್ತಿ ಮಂಪರು ಬರಿಸಲಿಲ್ಲ ಪೈಲಿ, ಅರ್ಧ ಮಾತ್ರ. ತೊಡೆಸಂದಿಯಿಂದ ಒಂದು ಸಪೂರ ಕೊಳವೆ ಒಳಗೆ ಹೋಯಿತು. ಪರದೆಯ ಮೇಲೆ ನನ್ನ ರಕ್ತನಾಳಗಳು ಕಪ್ಪಾಗಿ ಅರಳಿದವು, ಅರಳಿ ಮಾಯವಾದವು. ನಾನು ನೋಡುತ್ತಿದ್ದೆನೋ, ತೇಲುತ್ತಿದ್ದೆನೋ ತಿಳಿಯದು. ಕೆಲಸದ ದಿನಗಳ ಹಾಗೆ ಮತ್ತೆ ನಾನು ಬೋಟಿನ ಚಕ್ರ ಹಿಡಿದಿದ್ದೆ. ದೋಣಿಕಟ್ಟೆಯಿಂದ ದೋಣಿಕಟ್ಟೆಗೆ ಹೋದರೂ ಹತ್ತುವವರಿಲ್ಲ, ನೀರು ಹಾಲಿನಂತೆ ಬೆಳ್ಳಗೆ. ಒಂದು ಕಟ್ಟೆಯಲ್ಲಿ ನಮ್ಮ ಅಪ್ಪ, ಅಪ್ಪಚ್ಚನ್, ನಿಂತಿದ್ದರು, ಒಗೆದ ಮುಂಡು ಉಟ್ಟು. ನಾನು ನಿಲ್ಲಿಸಲು ನೋಡಿದೆ. ಬೋಟು ಮೆಲ್ಲಗೆ ಅವರನ್ನು ದಾಟಿಕೊಂಡು ಹೋಯಿತು. ಅವರು ಕೋಪ ಮಾಡಲಿಲ್ಲ.

ಎಲ್ಲೋ ದೂರದಿಂದ ಡಾಕ್ಟರ ದನಿ ಕೇಳಿತು: “ಸ್ಪ್ರಿಂಗ್ ನಿಲ್ತಿಲ್ಲ. ಜಾರಿದ್ರೆ ಲಿವರ್ ದಾರೀನೇ ಕಟ್ಟಿಬಿಡುತ್ತೆ. ವಾಪಸ್ ಎಳೀರಿ, ದೊಡ್ಡದು ಕೊಡಿ.” ಕೊನೆಗೆ, “ಕೂತಿತು” ಅಂದರು. ಕವಲನ್ನು ಮುಚ್ಚಿದ, ಕೂದಲೆಳೆಯಂಥ ಲೋಹದ ಸುರುಳಿ ಅದು, ಈಗಲೂ ನನ್ನೊಳಗಿದೆ. ನಾನು “ಹತ್ತಿ ಅಪ್ಪಚ್ಚಾ, ಹತ್ತಿ” ಅಂತ ಕನವರಿಸುತ್ತಿದ್ದೆನಂತೆ. ನರ್ಸ್ ಹೇಳಿದಳು.

ಎರಡು ವಾರದ ಮೇಲೆ ಮಣಿಗಳನ್ನು ಬಿಟ್ಟರು. ಆ ವಾರ ಯಾರೂ ನನ್ನ ಪಕ್ಕ ಮಲಗಬಾರದಿತ್ತು. “ಮೂವತ್ತೆಂಟು ವರ್ಷಕ್ಕೆ ಸಿಕ್ಕಿದ ರಜೆ” ಅಂದು ಏಲಿಕುಟ್ಟಿ ಚಾಪೆ ಸುತ್ತಿಕೊಂಡು ಹೋದಳು. ಬಾಗಿಲು ಮಾತ್ರ ತೆರೆದಿಟ್ಟಿದ್ದಳು.

ಹೋದ ವಾರ ಸ್ಕ್ಯಾನ್ ಆಯಿತು. ಗಡ್ಡೆ ಸತ್ತು ಬತ್ತಿದೆ ಎಂದರು ನಸೀಮಾ. ಹೊಟ್ಟೆಗೆ ಏನೂ ಆಗಿಲ್ಲ. ನಿನ್ನೆ ಮರಗೆಣಸೂ ಮೀನೂ ತಿಂದೆ. ಬದುಕಿದೆ ಕಣೋ.

ಸೂಸಿಗೆ, ಮಕ್ಕಳಿಗೆ ನನ್ನ ಮುತ್ತು. ನಿನ್ನ ಬೆಟ್ಟದ ಮೆಣಸಿನ ಬಳ್ಳಿಗಳ ಮೇಲೂ ನಿನ್ನ ಮೇಲೂ ಕರ್ತನ ಕೈ ಇರಲಿ.

ನಿನ್ನ ಅಚ್ಚಾಯನ್,
ಔಸೇಪ್

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು. ಅಪ್ಪಚ್ಚನಿಗೂ ಇದೇ ಲಿವರಿನ ಗಡ್ಡೆ ಇತ್ತಲ್ಲ. ಆವತ್ತು ದೋಣಿಕಟ್ಟೆಯಲ್ಲಿ ನೀನು “ಡಾಕ್ಟರ್ ಏನಂದ್ರು ಅಚ್ಚಾಯಾ?” ಅಂದೆ. ನಾನು “ಇನ್ನೇನೂ ಮಾಡೋಕಾಗಲ್ವಂತೆ” ಅಂದೆ. ಅವರು ಹಾಗೆ ಹೇಳಿರಲಿಲ್ಲ. “ಈ ವಾರವೇ ವೆಲ್ಲೂರಿಗೆ ಕರೆದುಕೊಂಡು ಹೋಗಿ, ಏನಾದರೂ ದಾರಿ ಇರಬಹುದು” ಎಂದು ಕಾಗದ ಬರೆದುಕೊಟ್ಟಿದ್ದರು. ಆ ಸೋಮವಾರ ನಾನು ಬೋಟಿನ ಕೆಲಸಕ್ಕೆ ಸೇರಬೇಕಿತ್ತು. ಹೋಗದಿದ್ದರೆ ಕೆಲಸ ಬೇರೆಯವರಿಗೆ. ಕಾಗದವನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ನಿನಗಾಗ ಹತ್ತೊಂಬತ್ತು, ನಂಬಿದೆ. ಆ ಕಾಲದಲ್ಲಿ ಅವರು ಉಳಿಯುತ್ತಿದ್ದರೋ ಇಲ್ಲವೋ ನಾನು ನಸೀಮಾರನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಡಾಕ್ಟರ್ ಆ ಕಾಗದವನ್ನು ನನ್ನ ಕೈಗೆ ಕೊಡುವಾಗ ಅಪ್ಪಚ್ಚನ್ ನನ್ನ ಪಕ್ಕದಲ್ಲೇ ಕೂತಿದ್ದರು, ಪೈಲಿ. ಆಮೇಲೆ ನಲವತ್ತು ದಿನ ಬದುಕಿದ್ದರು. ಒಂದು ದಿನವೂ ಆ ಕಾಗದ ಏನಾಯಿತು ಎಂದು ಕೇಳಲಿಲ್ಲ.