ಏಳು ಲಕ್ಷ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತು

6, ಸೋಮವಾರ. ಬೆಳಿಗ್ಗೆ 6:00
ಪ್ರೆಸ್‌ಗಳು ಶುರು, ಇನ್ನು ಶನಿವಾರದವರೆಗೆ ಹಗಲೂ ರಾತ್ರಿ ನಿಲ್ಲುವುದಿಲ್ಲ. ಟೈಮ್ ಆಫೀಸಿನ ಗೋಡೆಯ ಕೌಂಟರ್ ಸೊನ್ನೆಯಿಂದ ಹೊರಟಿತು, ಸೆಕೆಂಡಿಗೊಂದು. ಎದುರಿನ ಕಟ್ಟಡದ ಮಹಡಿಯಲ್ಲಿ ಹದಿನಾರು ಪ್ರೆಸ್, ಬಿಸಿ ಲೋಹ ಬಡಿಯುವ ಯಂತ್ರಗಳು. ಒಂದನೆಯದು ಸೆಕೆಂಡಿಗೊಮ್ಮೆ ಬಡಿಯುತ್ತದೆ, ಎರಡನೆಯದು ಎರಡಕ್ಕೊಮ್ಮೆ, ಹೀಗೇ ಹದಿನಾರನೆಯದು ಹದಿನಾರಕ್ಕೊಮ್ಮೆ. ಅದಕ್ಕೆ ದೊಡ್ಡಣ್ಣ ಎಂದು ಹೆಸರು. ಉಳಿದ ಹದಿನೈದೂ ಸೇರಿದರೆ ಅದರ ತೂಕ. ಕೆಳಗಡೆ ಪ್ಯಾಕಿಂಗ್. ತಂಗಿ ಅಲ್ಲೇ. ಇವತ್ತೂ ತಡವಾಗಿ ಬಂದಳು — ಹಾಜರಿ ಹಾಕುವವಳು ಅಕ್ಕ ಎಂಬ ಧೈರ್ಯ.

10, ಶುಕ್ರವಾರ
10:06ಕ್ಕೆ ಬೀಗರು ಬಂದು ಹೋದರು. ಪ್ರತಿ ಶುಕ್ರವಾರ ಇದೇ ಹೊತ್ತಿಗೆ ಕಟ್ಟಡ ಒಮ್ಮೆ ಗಡಗಡ ಎನ್ನುತ್ತದೆ. ಹೆಸರಿಟ್ಟವಳು ತಂಗಿ. “ಗುಂಪಾಗಿ ಬರ್ತಾರೆ, ಸದ್ದು ಮಾಡ್ತಾರೆ, ಕೂತ್ಕೊಳ್ಳಿ ಅನ್ನೋದ್ರೊಳಗೆ ಹೊರಟೇಬಿಡ್ತಾರೆ!” ಆ ಹೊತ್ತಿಗೆ ಎಲ್ಲರೂ ಟೀ ಲೋಟ ಎತ್ತಿ ಹಿಡಿಯುವುದು ರೂಢಿ.

ಇವತ್ತು ಕೌಂಟರ್ ಕಡೆ ಕಣ್ಣು ಹೋಯಿತು. 3,60,360. ಸುಮ್ಮನೆ ಭಾಗಿಸುತ್ತ ಕೂತೆ. ಏಳರಿಂದ ಹೋಗುತ್ತದೆ. ಹನ್ನೊಂದು, ಹದಿಮೂರು — ಹೋಗುತ್ತದೆ. ಹದಿನೈದರವರೆಗೆ ಎಲ್ಲವೂ! ಹದಿನೈದು ಪ್ರೆಸ್ ಒಟ್ಟಿಗೆ ಬಡಿದ ಕ್ಷಣ ಅದು. ಎಷ್ಟು ಖುಷಿಯಾಯಿತೋ. ಹದಿನಾರರಿಂದ ಮಾತ್ರ ಎಂಟು ಉಳಿಯಿತು. ದೊಡ್ಡಣ್ಣ ಆಗ ಅರ್ಧ ದಾರಿಯಲ್ಲಿದ್ದ.

ಸಂಜೆ
ಎರಡರಷ್ಟು ಮಾಡಿದೆ. 7,20,720. ಒಂದರಿಂದ ಹದಿನಾರರವರೆಗೆ ಯಾರು ಕರೆದರೂ ಇಲ್ಲ ಎನ್ನದ ಸಂಖ್ಯೆ. ಇದಕ್ಕಿಂತ ಚಿಕ್ಕದು ಬೇರೊಂದಿಲ್ಲ. ಅಲ್ಲಿಗೆ ತಲುಪಲು ಎಂಟು ದಿನಕ್ಕೂ ಹೆಚ್ಚು ಬೇಕು. ಭಾನುವಾರ ರಜೆ, ಕೌಂಟರ್ ಮತ್ತೆ ಸೊನ್ನೆ. ಹಾಗಾಗಿ ಈ ಕಟ್ಟಡ ಅದನ್ನು ಒಮ್ಮೆಯೂ ನೋಡಿಲ್ಲ. ಪುಣ್ಯ. ಬೀಗರ ಉಪಚಾರದಲ್ಲೇ ಪ್ಯಾಕಿಂಗ್‌ನ ಕಂಬ ಬಿರುಕು ಬಿಟ್ಟಿದೆ, ಹೆಬ್ಬೆರಳು ತೂರುತ್ತದೆ.

11, ಶನಿವಾರ
ನೋಟಿಸ್ ಹಾಕಿದ್ದಾರೆ. ಅರ್ಜೆಂಟ್ ಆರ್ಡರ್. ನಾಳೆ ರಜೆ ಇಲ್ಲ, ಪ್ರೆಸ್ ನಿಲ್ಲಿಸುವಂತಿಲ್ಲ.
ಹಾಗಾದರೆ ಮಂಗಳವಾರ ಮಧ್ಯಾಹ್ನ 2:12ಕ್ಕೆ 7,20,720. ಮತ್ತೆ ಮತ್ತೆ ಲೆಕ್ಕ ಹಾಕಿದೆ.

13, ಸೋಮವಾರ
ಮ್ಯಾನೇಜರ್ ಪೂರ್ತಿ ಕೇಳಿದರು. ಲೆಕ್ಕ ಸರಿ ಎಂದೂ ಒಪ್ಪಿದರು. “ಒಂದೇ ಒಂದು ಪೆಟ್ಟು ತಾನೇ? ನಿಲ್ಸಿದ್ರೆ ಮತ್ತೆ ಕಾಯಿಸೋಕೆ ಅರ್ಧ ದಿನ ಹೋಗುತ್ತಮ್ಮ.” ದೊಡ್ಡಣ್ಣನನ್ನಾದರೂ ಒಂದು ಸೆಕೆಂಡ್ ತಡೆಯಿರಿ ಎಂದೆ. ನಕ್ಕರು. ಆಮೇಲೆ ನೋಡಿದರೆ ಸ್ವಿಚ್ ಕೋಣೆಯ ಕೀಲಿ ಅವರ ಜೇಬು ಸೇರಿದೆ.

14, ಮಂಗಳವಾರ. ಬೆಳಿಗ್ಗೆ
ತಂಗಿಗೆ ಹೇಳಿದೆ. “ಅಂತೂ ದೊಡ್ಡಣ್ಣನೂ ಬರ್ತಾನಾ ಅಕ್ಕ? ಲೋಟ ಗಟ್ಟಿಯಾಗಿ ಹಿಡ್ಕೋತೀನಿ ಬಿಡು.” ಬೈಯಲು ಹೋಗಿ ಅತ್ತುಬಿಟ್ಟೆ. ಆಗ ಅವಳ ನಗು ನಿಂತಿತು. “ಎರಡು ಗಂಟೆಗೆ ಎಲ್ಲರನ್ನೂ ಅಂಗಳಕ್ಕೆ ಕರ್ಕೊಂಡ್ ಬರ್ತೀನಿ. ಸಂಬಳ ಕಟ್ ಮಾಡಿದ್ರೆ ಮಾಡ್ಲಿ.”

2:08
ಬಂದರು! ಮಹಡಿಯ ಆಪರೇಟರ್‌ಗಳೂ. ಪ್ರೆಸ್ ಮಾತ್ರ ತಮ್ಮಷ್ಟಕ್ಕೆ ಬಡಿಯುತ್ತಲೇ ಇವೆ. ತಂಗಿ ನನ್ನ ಕಿಟಕಿ ಕಡೆ ಕೈ ಎತ್ತಿದಳು, ಲೋಟ ಹಿಡಿದ ಹಾಗೆ. ಜೀವ ಬಂತು.

2:10
ಹಾಳು ಅಭ್ಯಾಸ — ತಲೆ ಎಣಿಸಿದೆ. ಒಂದು ಕಮ್ಮಿ. ಲೇಬಲ್ ಅಂಟಿಸುವ ಅಜ್ಜಿ ಇಲ್ಲ, ಕಿವಿ ಮಂದ. “ಒಬ್ರು ಕಮ್ಮಿ!” ಎಂದು ಕೂಗಿದೆ. ಯಾಕಾದರೂ ಕೂಗಿದೆನೋ... ತಂಗಿ ಒಳಗೆ ಓಡಿದಳು.

2:11
ಅಜ್ಜಿ ಹಿಂದಿನ ಬಾಗಿಲಿಂದ ಬಂದರು. ಒಬ್ಬರೇ. ತಂಗಿ ಒಳಗೆ ಇನ್ನೂ ಅವರನ್ನೇ ಹುಡುಕುತ್ತ— ಕೂಗಿದರೆ ಪ್ರೆಸ್ ಸದ್ದಿನಲ್ಲಿ ಕೇಳಿಸುವುದಿಲ್ಲ, ನಾನೇ ಹೋಗ