ಮೊಳೆ ಹೊಡೆಯಬಾರದ ಕಿಟಕಿ

ಜೂಜುವಾಡಿ,
9-8-1979

ಪ್ರೀತಿಯ ಮಗ ಚೆನ್ನಕೇಶವಾ,

ಆರೋಗ್ಯ ಹೇಗಿದೆ? ಆ ಜಬ್ಬಲ್‌ಪುರದ ಮಿಲಿಟರಿ ಅಡುಗೆಯಲ್ಲಿ ಒಂದು ದಿನವಾದರೂ ಮುದ್ದೆ ಕಂಡೆಯಾ? ಇಲ್ಲಿ ನಾನು, ನಿಮ್ಮವ್ವ, ನಿನ್ನ ಹೆಂಡತಿ ಶ್ಯಾಮಲ ಎಲ್ಲರೂ ಕ್ಷೇಮ. ಕ್ಷೇಮವಿಲ್ಲದ್ದು ನಿನ್ನ ಕೋಣೆಯ ಕಿಟಕಿ ಒಂದೇ.

ಹೊಸೂರಿನಲ್ಲಿ ಹಳೇ ಬಂಗಲೆ ಕೆಡವಿದಾಗ ಗಾಡಿಯಲ್ಲಿ ತಂದ ತೇಗದ ಕಿಟಕಿಯಲ್ಲವೇ, ಅದರ ಬಾಗಿಲಿನ ಓರೆ ಪಟ್ಟಿಗಳು ಅರ್ಧಕ್ಕರ್ಧ ಮುರಿದಿವೆ. ಲಾರಿ ಹೋದಾಗಲೆಲ್ಲ ರಸ್ತೆಯ ಧೂಳು ಸೀದಾ ಒಳಗೆ. ಶ್ಯಾಮಲ ಕೆಮ್ಮುತ್ತಾಳೆ, ಬಾಯಿಬಿಟ್ಟು ಹೇಳುವುದಿಲ್ಲ. ಮೇ ತಿಂಗಳಲ್ಲಿ ರಜಾ ಮುಗಿಸಿ ಹೊರಡುವಾಗ ನೀನು "ಸರಿಮಾಡ್ಸಪ್ಪಾ" ಅಂದೆ, ನಾನು ಆಗಲಿ ಅಂದೆ. ಕೊಟ್ಟ ಮಾತು ಉಳಿಸಿಕೊಳ್ಳೋಣವೆಂದರೆ ನಿಮ್ಮವ್ವ ಬಿಡಬೇಕಲ್ಲ!

ಬಾಗಲೂರಿನ ಬಡಗಿ ದಾಸಪ್ಪನನ್ನು ಕರೆತಂದರೆ, ಇವತ್ತು ಮಂಗಳವಾರ ಅಂದಳು. ಮತ್ತೆ ಕರೆತಂದೆ, ಅಮಾವಾಸ್ಯೆ ಎದುರಿಗಿದೆ ಅಂದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಯಿತು. ಇವತ್ತು ಗುರುವಾರ, ಕೇಡೇನೂ ಇಲ್ಲ. ದಾಸಪ್ಪ ಹೊಸ ಪಟ್ಟಿಗಳನ್ನು ನುಣ್ಣಗೆ ಮಾಡಿಕೊಂಡು ಬಂದು ಇನ್ನೇನು ಸುತ್ತಿಗೆ ಎತ್ತಿದ, ನಿಮ್ಮವ್ವ ಅಡುಗೆಮನೆಯಿಂದ ಓಡಿಬಂದು ಅಡ್ಡ ನಿಂತಳು. "ಈ ಮನೇಲಿ ಈಗ ಒಂದು ಮೊಳೇನೂ ಹೊಡೀಬ್ಯಾಡಪ್ಪಾ!" ಯಾಕೆಂದು ಕೇಳಿದರೆ, "ನಿಮ್ಗೇನೂ ತಿಳಿಯಾಕಿಲ್ಲ, ಸುಮ್ಕಿರಿ." ಆ ದಾಸಪ್ಪನಾದರೂ ನನ್ನ ಪರ ನಿಲ್ಲಬೇಡವೇ? "ಒಳ್ಳೇದಾಗ್ಲಿ ಕಣಮ್ಮಾ, ಹೇಳ್ಕಳ್ಸಿ, ಬತ್ತೀನಿ" ಎಂದು ನಗುತ್ತಾ ಕಾಫಿ ಕುಡಿದು ಹೊರಟೇಹೋದ. ಶ್ಯಾಮಲ ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ನನ್ನ ಮನೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ ಕಣಪ್ಪಾ. ಸಿಟ್ಟಿಗೆ ಮಧ್ಯಾಹ್ನ ಉಣ್ಣಲಿಲ್ಲ. ಉಣ್ಣು ಬಾ ಎಂದು ಯಾರೂ ಕರೆಯಲೂ ಇಲ್ಲ. ನಿಮ್ಮವ್ವನಿಗೆ ನೀನೇ ನಾಲ್ಕು ಬುದ್ಧಿಮಾತು ಬರೆ.

ಮೈ ಕಡೆ ಜೋಪಾನ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ವೆಂಕಟರಮಣಪ್ಪ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ನಿಮ್ಮವ್ವ ಬಂದು ಹೇಳಿದಳು. ಬಸುರಿ ಇರುವ ಮನೆಯಲ್ಲಿ ಮೊಳೆ ಹೊಡೆಯಬಾರದಂತೆ. ಶ್ಯಾಮಲನಿಗೆ ಮೂರು ತಿಂಗಳು. ಹೋದ ವರ್ಷ ಮಗು ನಿಲ್ಲಲಿಲ್ಲವಲ್ಲ, ಆ ಭಯಕ್ಕೆ ಅತ್ತೆ ಸೊಸೆ ಇಬ್ಬರೂ ನಿನಗೂ ತಿಳಿಸದೆ ಬಾಯಿ ಕಟ್ಟಿಕೊಂಡಿದ್ದರಂತೆ. ಕಿಟಕಿಗೆ ನಾನೇ ಗೋಣಿತಾಟು ಕಟ್ಟಿದ್ದೇನೆ, ಬರೀ ಹುರಿಯಲ್ಲಿ. ಹೋದ ಸಲ ನೀನಿಲ್ಲದೆ ಶ್ಯಾಮಲ ಒಬ್ಬಳೇ ಅತ್ತಳು ಮಗಾ. ಹೇಗಾದರೂ ರಜಾ ಕೇಳಿಕೊಂಡು ಬಂದುಬಿಡು.